ಮೊಸರಿನ ಪಕ್ಕದ ಡಬ್ಬಿ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳಾದ ನನಗೂ ಇಂಬಳಕ್ಕೂ ಹಳೆಯ ವೈರ. ಮಳೆಗಾಲದಲ್ಲಿ ಅಡಿಕೆ ತೋಟದ ಹಾದಿಯಾಗಿ ಶಾಲೆಗೆ ಹೋಗುವಾಗ, ಅಮ್ಮ ಕಾಲಿಗೆ ಸುಣ್ಣವನ್ನೂ ಹೊಗೆಸೊಪ್ಪನ್ನೂ ಎಷ್ಟು ಸವರಿ ಕಳುಹಿಸಿದರೂ, ಬೆರಳ ಸಂದಿಯಲ್ಲಿ ಒಂದಾದರೂ ಕುಳಿತು, ನನ್ನ ಖರ್ಚಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಮನೆಗೆ ಬರುವ ವೇಳೆಗೆ ದ್ರಾಕ್ಷಿಯಂತೆ ಉಬ್ಬಿರುತ್ತಿತ್ತು. ಅದರ ಮೇಲೆ ಚಿಟಿಕೆ ಉಪ್ಪು ಉದುರಿಸಿ, ಅದು ಮುದುಡಿ ಬೀಳುವುದನ್ನು ನೋಡುವುದು ನಮ್ಮ ಬಾಲ್ಯದ ವಿನೋದಗಳಲ್ಲಿ ಒಂದಾಗಿತ್ತು.

ಅಂತಹ ನಾನು, ಎಪ್ಪತ್ತರ ಹೊಸ್ತಿಲಲ್ಲಿ, ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ತಲುಪಿದ ಮರುದಿನ ಬೆಳಿಗ್ಗೆ ಮೊಸರಿಗೆಂದು ರೆಫ್ರಿಜರೇಟರಿನ ಬಾಗಿಲು ತೆರೆದೆ. ಮೊಸರಿನ ಪಾತ್ರೆಯ ಪಕ್ಕದಲ್ಲಿ ಅದೇ ಬಣ್ಣದ, ಅದೇ ಗಾತ್ರದ ಇನ್ನೊಂದು ಡಬ್ಬಿ. ಮುಚ್ಚಳ ತೆಗೆದು ಚಮಚ ಅದ್ದಬೇಕು, ಅಷ್ಟರಲ್ಲಿ ಒಳಗಿನ ನೀರು ತಾನಾಗಿ ಅಲುಗಿತು. ಹನ್ನೆರಡು ಜಿಗಣೆಗಳು ಕಪ್ಪು ರಿಬ್ಬನ್ನಿನ ತುಂಡುಗಳಂತೆ ಬಳುಕುತ್ತಿದ್ದವು!

ನನ್ನ ಕೂಗಿಗೆ ಅಳಿಯಂದಿರು ಓಡಿ ಬಂದರು. “ಹೆದರಬೇಡಿ ಅತ್ತೆ, ಇವು ರಕ್ತ ಹೀರುವ ಜಾತಿಯಲ್ಲ. ಗಾಳಕ್ಕೆಂದು ಅಂಗಡಿಯಿಂದ ತಂದದ್ದು” ಎಂದು ಡಬ್ಬಿಯನ್ನು ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡರು. ಜಿಗಣೆಯನ್ನು ಹಣ ಕೊಟ್ಟು ಕೊಳ್ಳುವ ಜನರೂ ಈ ಭೂಮಿಯ ಮೇಲಿದ್ದಾರೆಂಬುದು ನನಗೆ ತಿಳಿದದ್ದು ಅಂದೇ. ನಮ್ಮ ತೋಟದ ಇಂಬಳಕ್ಕೆ ಇಂಥ ಗಿರಾಕಿಗಳಿದ್ದಿದ್ದರೆ ಅಡಿಕೆ ಬೆಳೆಯುವ ತಾಪತ್ರಯವೇ ಇರುತ್ತಿರಲಿಲ್ಲ.

ಅದಿರಲಿ. ಡಬ್ಬಿಯನ್ನು ಕಂಡು ಕೂಗಿದವಳು ನಾನಾದರೂ, ಅದನ್ನು ಕಂಡು ಮುಖ ತಿರುಗಿಸಿ ಹೊರಟುಹೋದವಳು ನನ್ನ ಮೊಮ್ಮಗಳು. ಹದಿನೇಳರ ಹುಡುಗಿ. ತಂದೆಯ ಜೊತೆ ಅವಳು ಸರಿಯಾಗಿ ಮಾತನಾಡಿ ಎರಡು ದಿನಗಳಾಗಿದ್ದವೆಂದು ಮಗಳು ಪಿಸುಮಾತಿನಲ್ಲಿ ಹೇಳಿದಳು. ಕಾರಣ ಆ ಜಿಗಣೆಗಳೇ.

ಮಿನ್ನೆಸೋಟಾ ಹತ್ತು ಸಾವಿರ ಸರೋವರಗಳ ನಾಡೆಂದು ತನ್ನ ವಾಹನಗಳ ಫಲಕದ ಮೇಲೂ ಬರೆದುಕೊಳ್ಳುವ ರಾಜ್ಯ. ಆ ನೀರಿನ ರಾಜನೆಂದರೆ ವಾಲ್‌ಐ ಎಂಬ ಮೀನು. 1965ರಲ್ಲಿ ರಾಜ್ಯವು ಅದನ್ನು ತನ್ನ ಅಧಿಕೃತ ಮೀನೆಂದು ಘೋಷಿಸಿತು. ಮೈ ಹಳೆಯ ಹಿತ್ತಾಳೆಯ ಬಣ್ಣ, ಬಾಯಿ ತುಂಬ ಚೂಪು ಹಲ್ಲು, ಬಾಲದ ಕೆಳತುದಿಯಲ್ಲಿ ಸುಣ್ಣ ತಾಗಿದಂತೆ ಒಂದು ಬಿಳಿಯ ಗುರುತು. ಕಣ್ಣು ಮಾತ್ರ ವಿಚಿತ್ರ. ಹಾಲು ತುಂಬಿದ ಗಾಜಿನ ಗೋಲಿಯ ಹಾಗೆ. ಬೆಕ್ಕಿನ ಕಣ್ಣಿನಲ್ಲಿರುವಂತೆ ಅದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ. ಆದ್ದರಿಂದ ಮುಸ್ಸಂಜೆಯಲ್ಲಿ, ನಸುಕಿನಲ್ಲಿ, ಗಾಳಿ ಬೀಸಿ ನೀರು ಕದಡಿದಾಗ, ಇತರ ಮೀನುಗಳಿಗೆ ಕಾಣದ್ದು ಇದಕ್ಕೆ ಕಾಣುತ್ತದೆ. ಪ್ರಖರ ಬಿಸಿಲಿನಲ್ಲಿ ಅದು ಆಳಕ್ಕಿಳಿದು, ಮಧ್ಯಾಹ್ನದ ಊಟ ಮಾಡಿದ ಗುಮಾಸ್ತನಂತೆ, ಎಲ್ಲದರಲ್ಲಿಯೂ ನಿರಾಸಕ್ತಿ ತೋರುತ್ತದೆ.

ಈ ಮೀನನ್ನು ಹಿಡಿಯುವ ಪಂದ್ಯಗಳು ಅಲ್ಲಿ ಹಬ್ಬಗಳಂತೆ ನಡೆಯುತ್ತವೆ. ರಾಷ್ಟ್ರಮಟ್ಟದ ಪಂದ್ಯಮಾಲೆಗಳು 1980ರ ದಶಕದಿಂದ ಬೆಳೆದು ಬಂದಿವೆ. ಅಳಿಯಂದಿರೂ ಮೊಮ್ಮಗಳೂ ಸೇರಿದ್ದು ಅಷ್ಟು ದೊಡ್ಡದಕ್ಕಲ್ಲ. ಸುಮಾರು ನಲವತ್ತು ದೋಣಿಗಳ ಒಂದು ಊರ ಪಂದ್ಯ. ಒಂದು ದೋಣಿಗೆ ಇಬ್ಬರು, ಅವಧಿ ಎಂಟು ಗಂಟೆ, ಹಿಡಿದವುಗಳಲ್ಲಿ ಐದು ಮೀನುಗಳ ಒಟ್ಟು ತೂಕಕ್ಕೆ ಬಹುಮಾನ. ಮೀನುಗಳನ್ನು ದೋಣಿಯೊಳಗೆ ಹರಿಯುವ ನೀರಿನ ತೊಟ್ಟಿಯಲ್ಲಿ ಜೀವಂತ ತಂದು ತೂಗಿಸಿ, ಮತ್ತೆ ಸರೋವರಕ್ಕೆ ಬಿಡಬೇಕು. ಸತ್ತ ಮೀನು ತಂದವರಿಗೆ ತೂಕದಲ್ಲಿ ಕಡಿತ.

“ತಿನ್ನುವವರೂ ಅಲ್ಲ, ಮಾರುವವರೂ ಅಲ್ಲ; ಮತ್ತೆ ಹಿಡಿಯುವುದೇತಕ್ಕೆ?” ಎಂದು ಕೇಳಿದೆ. ನಮ್ಮ ಮನೆಯಲ್ಲಿ ಮೀನಿನ ಸಂಬಂಧವೆಂದರೆ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಮೇಲೆ ಕುಳಿತು ಮಂಡಕ್ಕಿ ಎರಚುವುದಷ್ಟೆ. ಅಳಿಯಂದಿರು ನಕ್ಕು ಸುಮ್ಮನಾದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂದು ನಾನು ಗೊಣಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಪಂದ್ಯ ನಡೆಯುವ ಸರೋವರದ ಹೆಸರು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯದಾಯಿತು. ಲೀಚ್ ಲೇಕ್! ಅಂದರೆ ಜಿಗಣೆಯ ಸರೋವರ. ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನ ತಮ್ಮ ಭಾಷೆಯಲ್ಲಿ ಇಟ್ಟ ಹೆಸರಿನ ಅನುವಾದವಂತೆ ಅದು. ಲಕ್ಷ ಎಕರೆಗೂ ಮೀರಿದ ನೀರು. ಮಲೆನಾಡಿನ ಇಂಬಳದಿಂದ ತಪ್ಪಿಸಿಕೊಂಡು ಹದಿಮೂರು ಸಾವಿರ ಕಿಲೋಮೀಟರು ಹಾರಿ ಬಂದವಳಿಗೆ ವಿಧಿ ತೋರಿಸಿದ ದಾರಿ ಇದು.

ಜೂನ್ ತಿಂಗಳ ಒಂದು ಶುಕ್ರವಾರ ಹೊರಟೆವು. ದಾರಿ ಮಿಲ್ ಲಾಕ್ ಸರೋವರದ ದಡವನ್ನು ಹಿಡಿದು ಸಾಗಿತು. ಕಾರಿನಲ್ಲಿ ಅದುವರೆಗೂ ಮೌನವಾಗಿದ್ದ ಮೊಮ್ಮಗಳು ಅಲ್ಲಿ ಬಾಯಿ ತೆರೆದಳು. ಮಾತು ನನ್ನೊಡನೆ, ಗುರಿ ಮಾತ್ರ ಮುಂದಿನ ಆಸನದಲ್ಲಿ ಕಾರು ನಡೆಸುತ್ತಿದ್ದ ತಂದೆ.

“ಅಜ್ಜಿ, ಈ ಸರೋವರದಲ್ಲಿ ವಾಲ್‌ಐಗಳ ಸಂಖ್ಯೆ ತೀರ ಇಳಿದುಹೋಗಿ, 2016ರ ಬೇಸಿಗೆಯಲ್ಲಿ ಸರ್ಕಾರವೇ ಒಂದು ಕಟ್ಟಳೆ ಮಾಡಿತು. ವಾಲ್‌ಐ ಹಿಡಿದವರು ತಕ್ಷಣ ಬಿಟ್ಟುಬಿಡಬೇಕು. ಅಷ್ಟೇ ಅಲ್ಲ, ಅದಕ್ಕೆ ಜೀವಂತ ಎರೆಯನ್ನು ಬಳಸಲೇಕೂಡದು, ಕೃತಕ ಎರೆ ಮಾತ್ರ. ಏಕೆ ಗೊತ್ತೆ?”

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಮಾತನಾಡಲಿಲ್ಲ.

ಅವಳೇ ವಿವರಿಸಿದಳು. ಮೀನು ನಿಜವಾದ ಜಿಗಣೆಯನ್ನೋ ಎರೆಹುಳುವನ್ನೋ ಬಾಯಿಗೆ ತೆಗೆದುಕೊಂಡರೆ, ಅದು ಆಹಾರವೇ ಆದ್ದರಿಂದ, ನಂಬಿ ನುಂಗುತ್ತದೆ. ಕೊಕ್ಕೆ ಗಂಟಲಿಗೋ ಹೊಟ್ಟೆಗೋ ಇಳಿಯುತ್ತದೆ. ಅಂತಹ ಮೀನನ್ನು ಎಷ್ಟು ಪ್ರೀತಿಯಿಂದ ನೀರಿಗೆ ಬಿಟ್ಟರೂ ಹಲವು ಬದುಕುವುದಿಲ್ಲ. ನೀರು ಬೆಚ್ಚಗಾದಷ್ಟೂ ಸಾವು ಹೆಚ್ಚು. ಕೃತಕ ಎರೆಯಾದರೆ ಕಚ್ಚಿದ ಕ್ಷಣದಲ್ಲಿಯೇ ಮೀನಿಗೆ ಮೋಸ ತಿಳಿಯುತ್ತದೆ, ಉಗುಳಲು ನೋಡುತ್ತದೆ. ಆದ್ದರಿಂದ ಕೊಕ್ಕೆ ಸಾಮಾನ್ಯವಾಗಿ ತುಟಿಯಂಚಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಹಿಂದಿನ ಬೇಸಿಗೆಯಲ್ಲಿ ಅವಳು ಜಿಗಣೆ ಸಿಕ್ಕಿಸಿ ಒಂದು ದೊಡ್ಡ ವಾಲ್‌ಐ ಹಿಡಿದಿದ್ದಳಂತೆ. ಕೊಕ್ಕೆ ಕಾಣದಷ್ಟು ಆಳಕ್ಕೆ ಹೋಗಿತ್ತು. ಬಲ್ಲವರು ಹೇಳುವಂತೆ ದಾರವನ್ನು ಬಾಯಿಯ ಬಳಿಯೇ ಕತ್ತರಿಸಿ ನೀರಿಗೆ ಬಿಟ್ಟಳು. ಮೀನು ಒಳಗೆ ಹೋಯಿತು. ಹತ್ತು ನಿಮಿಷಗಳ ಅನಂತರ ದೋಣಿಯಿಂದ ಅನತಿ ದೂರದಲ್ಲಿ ಹೊಟ್ಟೆ ಮೇಲಾಗಿ ತೇಲಿತು. ಅಂದಿನಿಂದ ಅವಳು ಜೀವಂತ ಎರೆಯನ್ನು ಮುಟ್ಟಿಲ್ಲ.

“ಬಣ್ಣದ ಮೀನಿಗೂ ಕೊಕ್ಕೆ ಇದೆಯಲ್ಲ. ಒಂದಲ್ಲ, ಮೂರು ಮುಳ್ಳಿನವು ಎರಡೆರಡು” ಎಂದರು ಅಳಿಯಂದಿರು, ಕನ್ನಡಿಯಲ್ಲಿ ನೋಡುತ್ತ. “ಕಣ್ಣಿಗೆ, ಕಿವಿರಿಗೆ ಸಿಕ್ಕಿ ಸಾಯುವ ಮೀನುಗಳೂ ಇವೆ.”

“ಇವೆ” ಎಂದಳು ಅವಳು. ಅಷ್ಟು ಒಪ್ಪಿಕೊಂಡದ್ದು ನನಗೆ ಮೆಚ್ಚಿಗೆಯಾಯಿತು.

ಮುಂದೆ ಬ್ರೈನರ್ಡ್ ಎಂಬ ಊರು ಬಂದಿತು. ಈಗ ಮಾತಿನ ಸರದಿ ಅಳಿಯಂದಿರದು. 1960ರ ದಶಕದ ಕೊನೆಯಲ್ಲಿ ಈ ಊರಿನ ಲಿಂಡ್ನರ್ ಸಹೋದರರು ಪ್ರಚಾರಕ್ಕೆ ತಂದ ಲಿಂಡಿ ರಿಗ್ ಎಂಬ ಸರಳ ಸಲಕರಣೆಯೇ ಅವರ ಆರಾಧ್ಯ ದೈವ. ದಾರದ ಮೇಲೆ ಜಾರುವ ಒಂದು ಸೀಸದ ತೂಕ, ಅದರಾಚೆ ಮಾರುದ್ದದ ಸಣ್ಣ ದಾರ, ತುದಿಯಲ್ಲಿ ಚಿಕ್ಕ ಕೊಕ್ಕೆ, ಕೊಕ್ಕೆಗೆ ಜಿಗಣೆ. ಸೀಸ ತಳದಲ್ಲಿ ತೆವಳುತ್ತದೆ, ಜಿಗಣೆ ಅದರ ಹಿಂದೆ ಸ್ವೇಚ್ಛೆಯಾಗಿ ಈಜುತ್ತದೆ. ಮೀನು ಬಾಯಿ ಹಾಕಿದ್ದು ಬೆರಳಿಗೆ ತಿಳಿದೊಡನೆ ಎಳೆಯಕೂಡದು. ದಾರವನ್ನು ಸಡಿಲ ಬಿಡಬೇಕು. ಮೀನಿಗೆ ಭಾರ ತಿಳಿಯದು. ಮನಸ್ಸಿನಲ್ಲಿಯೇ ಐದೋ ಹತ್ತೋ ಎಣಿಸಿ, ಅನಂತರ ಎಳೆಯಬೇಕು.

“ಆ ಎಣಿಕೆಯೇ ವಿದ್ಯೆ ಅತ್ತೆ. ತಾಳ್ಮೆ ಇಲ್ಲದವನಿಗೆ ವಾಲ್‌ಐ ಒಲಿಯುವುದಿಲ್ಲ” ಎಂದರು.

ಹಿಂದಿನ ಆಸನದಲ್ಲಿದ್ದ ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. ತಂದೆ ಹೆಮ್ಮೆಯಿಂದ ಎಣಿಸುವ ಆ ಹತ್ತರೊಳಗೇ ಕೊಕ್ಕೆ ಗಂಟಲಿಳಿಯುತ್ತದೆಂಬುದು ಈಗ ನನಗೂ ಅರ್ಥವಾಗಿತ್ತು.

ಸಂಜೆ ಅಭ್ಯಾಸಕ್ಕೆಂದು ದೋಣಿ ಇಳಿಸಿದಾಗ ನನ್ನನ್ನೂ ಕೂರಿಸಿಕೊಂಡರು. ಮೊಮ್ಮಗಳು ತನ್ನ ಪೆಟ್ಟಿಗೆ ತೆರೆದಳು. ಬಳೆಗಾರನ ಮಲಾರ ಬಿಚ್ಚಿದಂತಾಯಿತು! ಬೆಳ್ಳಿ, ಚಿನ್ನ, ಕಿತ್ತಳೆ, ಹಸಿರು. ಮರದ ಮೀನು, ಪ್ಲಾಸ್ಟಿಕ್ ಮೀನು, ರಬ್ಬರಿನಂತೆ ಮೆತ್ತಗಿನ ಹುಳು. ಕೆಲವಕ್ಕೆ ಗಲ್ಲದ ಕೆಳಗೆ ಒಂದು ಪಾರದರ್ಶಕ ತುಟಿ. ಎಳೆದಾಗ ನೀರು ಅದಕ್ಕೆ ತಾಗಿ ಮೀನು ಆಳಕ್ಕಿಳಿದು ಮೈ ಅಲ್ಲಾಡಿಸುತ್ತದೆ. ಆ ಕಂಪನವನ್ನು ವಾಲ್‌ಐ ತನ್ನ ಪಕ್ಕೆಯ ರೇಖೆಯಿಂದಲೇ ಗ್ರಹಿಸುತ್ತದೆ.

ಅವುಗಳಲ್ಲೊಂದನ್ನು ನನ್ನ ಅಂಗೈಯಲ್ಲಿಟ್ಟು ಅದರ ಕಥೆ ಹೇಳಿದಳು. ಫಿನ್‌ಲೆಂಡಿನಲ್ಲಿ ಲೌರಿ ರಪಾಲಾ ಎಂಬ ಬಡ ಬೆಸ್ತನಿದ್ದ. ದಿನವೆಲ್ಲ ಸರೋವರದಲ್ಲಿ ಹುಟ್ಟು ಹಾಕುತ್ತ ಅವನು ಒಂದು ಸಂಗತಿ ಗಮನಿಸಿದ: ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ, ಗಾಯಗೊಂಡು ಸ್ವಲ್ಪ ತಡವರಿಸುವ ಮೀನನ್ನೇ ಆರಿಸಿ ಹಿಡಿಯುತ್ತದೆ. 1936ರಲ್ಲಿ ಅವನು ಚಪ್ಪಲಿ ಹೊಲೆಯುವವರ ಚೂರಿಯಿಂದ ಬೆಂಡನ್ನು ಕೆತ್ತಿ, ಚಾಕಲೇಟಿನ ಬೇಗಡೆ ಹೊದಿಸಿ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೆರುಗೆಣ್ಣೆಯಂತೆ ಬಳಿದು, ತಡವರಿಸುತ್ತ ಈಜುವ ಒಂದು ಮೀನನ್ನು ಮಾಡಿದ. ಅದು ಮಿನಿಯಾಪೊಲಿಸಿನ ಇಬ್ಬರು ವರ್ತಕರ ಮೂಲಕ ಅಮೆರಿಕಕ್ಕೆ ಬಂದಿತು. 1962ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆ ಅದರ ಬಗೆಗೆ ಲೇಖನ ಪ್ರಕಟಿಸಿತು. ತೀರಿಕೊಂಡ ನಟಿ ಮರ್ಲಿನ್ ಮನ್ರೋಳ ಚಿತ್ರವಿದ್ದ ಸಂಚಿಕೆಯೇ ಅದು. ಆಕೆಗಾಗಿ ಕೊಂಡವರೆಲ್ಲ ಈ ಮೀನಿನ ಕಥೆಯನ್ನೂ ಓದಿದರು. ಬೇಡಿಕೆ ಪೂರೈಸಲಾರದೆ ವರ್ತಕರು ತತ್ತರಿಸಿದರಂತೆ.

“ಆದರೆ ಅಜ್ಜಿ, ಜಿಗಣೆ ತಾನೇ ಈಜುತ್ತದೆ. ಇದು ಈಜುವುದಿಲ್ಲ, ನಾನು ಈಜಿಸಬೇಕು” ಎಂದಳು. ಎಸೆದಳು, ಒಮ್ಮೆ ಸರಕ್ಕನೆ ಎಳೆದಳು, ನಿಲ್ಲಿಸಿದಳು, ಮತ್ತೆ ಸಣ್ಣಗೆ ಜಗ್ಗಿದಳು. ಆ ಮಣಿಕಟ್ಟಿನ ಚಲನೆ ಕಂಡು ನನಗೆ ವೀಣೆ ಕಲಿಯುತ್ತಿದ್ದ ಅವಳ ತಾಯಿಯ ನೆನಪಾಯಿತು. ನೀರಿನೊಳಗಿನ ಬೆಂಡಿನ ತುಂಡಿಗೆ ಜೀವ ಬರುವುದು, ಬಾರದಿರುವುದು, ಎಲ್ಲವೂ ಆ ಮಣಿಕಟ್ಟಿನಲ್ಲಿಯೇ ಇತ್ತು.

ಪಂದ್ಯದವರು ಕೃತಕ ಎರೆಗೆ ಒಲಿದಿರುವುದು ದಯೆಯಿಂದಲ್ಲ, ಲೆಕ್ಕಾಚಾರದಿಂದ ಎಂದು ಅಳಿಯಂದಿರು ತಿಳಿಸಿದರು. ಎಂಟು ಗಂಟೆಗಳಲ್ಲಿ ಹೆಚ್ಚು ನೀರನ್ನು ಶೋಧಿಸಬೇಕು. ಜಿಗಣೆ ನಿಧಾನದ ವ್ಯವಹಾರ. ಪ್ರತಿ ಸಲವೂ ಹೊಸ ಎರೆ ಸಿಕ್ಕಿಸುತ್ತ ಕುಳಿತರೆ ಹೊತ್ತು ಕಳೆಯುತ್ತದೆ. ಸಣ್ಣಪುಟ್ಟ ಮೀನುಗಳು ಕಚ್ಚಿ ಕದಿಯುತ್ತವೆ. ವೇಗವಾಗಿ ಹಾಯುವ ಲೋಹದ ಮೀನಾದರೆ, ಹಸಿವಿಲ್ಲದ ವಾಲ್‌ಐ ಕೂಡ ಯೋಚಿಸಲು ಸಮಯವಿಲ್ಲದೆ ಎರಗುತ್ತದೆ. “ಆದರೆ ಗಾಳಿ ಬಿದ್ದು ನೀರು ಕನ್ನಡಿಯಾದರೆ ಈ ಸೋಗುಗಳೆಲ್ಲ ಬಯಲು. ಆಗ ಜಿಗಣೆಯೇ ಗತಿ” ಎಂದು ಕೊನೆಯ ಮಾತನ್ನು ತಮ್ಮ ಕಡೆಗೇ ಎಳೆದುಕೊಂಡರು.

ದಡಕ್ಕೆ ಬಂದಾಗ ಇನ್ನೊಂದು ವಿಷಯ ತಿಳಿಯಿತು. ಎರೆಹುಳುವನ್ನು ರೈತನ ಮಿತ್ರನೆಂದು ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಮಿನ್ನೆಸೋಟಾದ ಕಾಡಿಗೆ ಮಾತ್ರ ಅದು ಶತ್ರು! ಹಿಮಯುಗದ ಹಿಮನದಿಗಳ ಅನಂತರ ಅಲ್ಲಿ ಸ್ಥಳೀಯ ಎರೆಹುಳುಗಳೇ ಇರಲಿಲ್ಲ. ವಲಸೆ ಬಂದ ಯೂರೋಪಿಯನ್ನರ ಮಣ್ಣಿನೊಡನೆ ಬಂದವುಗಳ ಜೊತೆಗೆ, ಗಾಳ ಹಾಕುವವರು ಉಳಿದ ಹುಳುಗಳನ್ನು ದಡದಲ್ಲಿ ಸುರಿದು ಹೋದದ್ದರಿಂದಲೂ ಅವು ಕಾಡಿಗೆ ಹಬ್ಬಿ, ನೆಲಕ್ಕೆ ಹೊದಿಕೆಯಾಗಿದ್ದ ತರಗೆಲೆಯನ್ನು ತಿಂದುಹಾಕಿ, ಎಳೆಯ ಸಸಿಗಳಿಗೂ ಕಾಡುಹೂಗಳಿಗೂ ಎಡೆಯಿಲ್ಲದಂತೆ ಮಾಡಿವೆ. ಆದ್ದರಿಂದ ಮಿಕ್ಕ ಎರೆಯನ್ನು ನೀರಿಗಾಗಲಿ ನೆಲಕ್ಕಾಗಲಿ ಬಿಡಬಾರದು, ಕಸದ ಬುಟ್ಟಿಗೇ ಹಾಕಬೇಕು. ಒಂದು ಊರಿನ ಪುಣ್ಯ ಇನ್ನೊಂದು ಊರಿನಲ್ಲಿ ಪಾಪವಾಗುವುದೆಂದರೆ ಇದೇ ಇರಬೇಕು.

ಮರುದಿನ ಬೆಳಿಗ್ಗೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡು ಹೊರಟರು: ಅವರದು ಅವರಿಗೆ, ಅವಳದು ಅವಳಿಗೆ. ಮಗಳೂ ನಾನೂ ದಡದಲ್ಲಿ ಕಾದೆವು. ಬೆಳಿಗ್ಗೆ ಒಳ್ಳೆಯ ಗಾಳಿ ಇತ್ತು. ಹನ್ನೊಂದರ ವೇಳೆಗೆ ಗಾಳಿ ಬಿತ್ತು. ನೀರು ಕಂಚಿನ ತಟ್ಟೆಯಂತೆ ಹೊಳೆಯತೊಡಗಿತು. ನನಗರಿಯದಂತೆಯೇ ನಾನು ಗಾಳಿಗಾಗಿ ಪ್ರಾರ್ಥಿಸುತ್ತಿದ್ದೆ.

ಮೂರು ಗಂಟೆಗೆ ದೋಣಿಗಳು ಮರಳಿದವು. ತೂಕದ ಮೇಜಿನ ಬಳಿ ಒಬ್ಬ ಅಧಿಕಾರಿ ಪ್ರತಿಯೊಂದು ಮೀನಿನ ಹೊಟ್ಟೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದುದು ಕಂಡು ಕಾರಣ ಕೇಳಿದೆ. ಮಗಳು ಹೇಳಿದಳು: 2022ರ ಸೆಪ್ಟೆಂಬರ್ 30ರಂದು ಓಹಾಯೋದ ಕ್ಲೀವ್‌ಲೆಂಡಿನಲ್ಲಿ, ಈರಿ ಸರೋವರದ ವಾಲ್‌ಐ ಪಂದ್ಯದಲ್ಲಿ, ಗೆದ್ದವರ ಮೀನುಗಳು ಗಾತ್ರಕ್ಕೆ ಮೀರಿ ಭಾರವಾಗಿದ್ದವು. ಕೊಯ್ದು ನೋಡಿದರೆ ಹೊಟ್ಟೆಯೊಳಗೆ ಸೀಸದ ಗುಂಡುಗಳು, ಇತರ ಮೀನುಗಳ ಮಾಂಸದ ತುಂಡುಗಳು! ಪಣಕ್ಕಿದ್ದದ್ದು ಸುಮಾರು 28 ಸಾವಿರ ಡಾಲರು. 2023ರಲ್ಲಿ ಆ ಇಬ್ಬರೂ ತಪ್ಪೊಪ್ಪಿಕೊಂಡು ಸೆರೆಮನೆಯಲ್ಲಿ ಹತ್ತು ದಿನ ಕಳೆಯಬೇಕಾಯಿತು, ದೋಣಿಯೂ ಕೈಬಿಟ್ಟಿತು. ಮೀನಿಗೆ ಬೆಂಡು ತೋರಿಸಿ ಮೋಸ ಮಾಡುವುದು ಆಟದ ನಿಯಮ. ಮೀನಿಗೆ ಸೀಸ ತಿನ್ನಿಸಿ ಮನುಷ್ಯರನ್ನು ಮೋಸ ಮಾಡಲು ಯಾವ ಆಟದಲ್ಲಿಯೂ ಎಡೆಯಿಲ್ಲ.

ನಮ್ಮವರ ಸರದಿ ಬಂದಿತು. ತೊಟ್ಟಿಯಿಂದ ನಾಲ್ಕು ಮೀನುಗಳು ಬಾಲ ಬಡಿಯುತ್ತ ಮೇಲೆ ಬಂದವು. ಐದನೆಯದು, ಎಲ್ಲಕ್ಕಿಂತ ದೊಡ್ಡದು, ಬಡಿಯಲಿಲ್ಲ. ಅಧಿಕಾರಿ ಅದನ್ನು ನೀರಿನಲ್ಲಿ ಎರಡು ಸಲ ಆಡಿಸಿ ನೋಡಿ, ತಲೆಯಲ್ಲಾಡಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡರು. ಕಡಿತ ಕಳೆದು ಐದನೆಯ ಸ್ಥಾನ. ಕಡಿತವಿಲ್ಲದಿದ್ದರೆ ಮೂರನೆಯದು, ಬಹುಮಾನವಿದ್ದದ್ದು ಮೂವರಿಗೆ.

ನಡೆದುದು ಕಾರಿನಲ್ಲಿ ತಿಳಿಯಿತು. ಗಾಳಿ ಇದ್ದಾಗ ಹುಡುಗಿಯ ಬೆಳ್ಳಿಯ ಮೀನಿಗೆ ಮೂರು ಸಿಕ್ಕಿದ್ದವು. ಗಾಳಿ ಬಿದ್ದ ಮೇಲೆ ಒಂದೂ ಇಲ್ಲ. ತಂದೆ ಡಬ್ಬಿ ಮುಂದೆ ಚಾಚಿದರಂತೆ, ಅವಳು ತಲೆಯಲ್ಲಾಡಿಸಿದಳು. ಮೂರು ಗಂಟೆಗಳ ಕಾಲ ಖಾಲಿ ನೀರಿಗೆ ಎಸೆಯುತ್ತಲೇ ಇದ್ದಳು. ಉಳಿದೆರಡು ಮೀನುಗಳೂ ತಂದೆಯ ಜಿಗಣೆಗೆ ಬಿದ್ದವು. ಆ ಜಿಗಣೆಗಳಿಲ್ಲದಿದ್ದರೆ ಐದು ಮೀನುಗಳ ಲೆಕ್ಕವೇ ತುಂಬುತ್ತಿರಲಿಲ್ಲ, ಐದನೆಯ ಸ್ಥಾನವೂ ಬರುತ್ತಿರಲಿಲ್ಲ. ಅದೇ ಜಿಗಣೆಯಿಂದಲೇ ಮೂರನೆಯದು ತಪ್ಪಿತು. ಗೆದ್ದವರು ಯಾರು, ಸೋತವರು ಯಾರು ಎಂದು ನನಗೆ ಇಂದಿಗೂ ಹೇಳಲು ಬಾರದು.

“ನಾನು ಹತ್ತರವರೆಗೆ ಎಣಿಸಿದೆ” ಎಂದರು ಅಳಿಯಂದಿರು, ಬಹಳ ದೂರ ಬಂದ ಮೇಲೆ.

ಗೆದ್ದ ವಾದವನ್ನು ಎತ್ತಿ ಆಡಿಸುವ ವಯಸ್ಸು ಅದು. ಮೊಮ್ಮಗಳು ಆಡಿಸಲಿಲ್ಲ. “ದೊಡ್ಡ ಮೀನಪ್ಪ ಅದು” ಎಂದಳು. ಅಷ್ಟೆ. ಎರಡು ದಿನಗಳ ಮೇಲೆ ತಂದೆಯೊಡನೆ ಅವಳಾಡಿದ ಮೊದಲ ಸರಿಯಾದ ಮಾತು.

ಮಾರನೆಯ ಸಂಜೆ ಅಡಿಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಹಿತ್ತಿಲಿನ ಹುಲ್ಲಿನ ಮೇಲೆ ಅಳಿಯಂದಿರು ಕೊಕ್ಕೆ ಕಳಚಿದ ಒಂದು ಬಣ್ಣದ ಮೀನನ್ನು ಎಸೆದು ಎಳೆಯುತ್ತಿದ್ದಾರೆ. ಮಗಳು ಪಕ್ಕದಲ್ಲಿ ನಿಂತು ಅವರ ಮಣಿಕಟ್ಟನ್ನು ಹಿಡಿದು ತಿದ್ದುತ್ತಿದ್ದಾಳೆ. ಹುಲ್ಲಿನಲ್ಲಿ ಮೀನು ಈಜಲೊಲ್ಲದು. ಇಬ್ಬರೂ ನಗುತ್ತಿದ್ದರು.

ಡಬ್ಬಿಯಲ್ಲಿ ಏಳು ಜಿಗಣೆಗಳು ಉಳಿದಿದ್ದವು. ಗಾಳಕ್ಕೆ ಬೇಡ, ಸರೋವರಕ್ಕೆ ಬಿಡುವಂತಿಲ್ಲ, ಕಸಕ್ಕೆ ಹಾಕಲು ಯಾರಿಗೂ ಕೈ ಬರಲಿಲ್ಲ. ತಣ್ಣಗಿಟ್ಟು ನೀರು ಬದಲಾಯಿಸುತ್ತಿದ್ದರೆ ಅವು ವಾರಗಟ್ಟಲೆ ಬದುಕುತ್ತವಂತೆ. ಮನೆಯಲ್ಲಿ ಎಲ್ಲರಿಗೂ ಶಾಲೆ, ಕಚೇರಿ, ಬಿಡುವಾಗಿದ್ದವಳು ನಾನೊಬ್ಬಳೆ. ದಿನ ಬಿಟ್ಟು ದಿನ ಮುಖ ಬೇರೆ ಕಡೆ ತಿರುಗಿಸಿಕೊಂಡು ನೀರು ಬದಲಾಯಿಸಿದೆ. ಎರಡನೆಯ ವಾರ ಮುಖ ತಿರುಗಿಸುವುದು ಮರೆತುಹೋಯಿತು. ನಾನು ಊರಿಗೆ ಹೊರಟ ದಿನ ಐದು ಉಳಿದಿದ್ದವು.

ಊರು ಸೇರಿದಾಗ ಮಳೆ ಹಿಡಿದಿತ್ತು. ತೋಟಕ್ಕೆ ಹೋಗಿ ಬಂದು ಜಗಲಿಯಲ್ಲಿ ಕುಳಿತರೆ ಹಿಮ್ಮಡಿಯ ಮೇಲೊಂದು ಇಂಬಳ. ನಮ್ಮ ಯಜಮಾನರು ಅಭ್ಯಾಸದಂತೆ ಉಪ್ಪಿನ ಭರಣಿ ತಂದಿಟ್ಟರು. ನಾನು ಉಗುರಿನಿಂದ ಮೆಲ್ಲಗೆ ಬಿಡಿಸಿ ಅದನ್ನು ಅಂಗಳದಾಚೆ ಎಸೆದೆ.

“ಅಮೆರಿಕದ ಗಾಳಿ ಚೆನ್ನಾಗಿಯೇ ತಗಲಿದೆ” ಎಂದು ಭರಣಿಯ ಮುಚ್ಚಳ ಹಾಕುತ್ತ ಅವರು ನಕ್ಕರು.